ದ್ವಾರಪಾಲಕ ಏನೆಂದ?

ಆ ಭಾನುವಾರ ಬೆಳಿಗ್ಗೆ ಕಲಬುರಗಿಯ ಗಾಜಿಪುರದ ಓಣಿಯಲ್ಲಿ ಒಬ್ಬರೂ ಹೊರಗಿರಲಿಲ್ಲ. ಏಪ್ರಿಲ್ ಬಿಸಿಲು ಫರಸಿ ಕಲ್ಲುಗಳನ್ನು ಆಗಲೇ ಕಾಯಿಸಿತ್ತು. ಎಲ್ಲ ಮನೆಗಳ ಕಿಟಕಿಯಿಂದಲೂ ಒಂದೇ ಸಂಗೀತ ಬರುತ್ತಿತ್ತು. 'ಹೇಮಗಢ್' ಧಾರಾವಾಹಿಯ ಮೊದಲ ಭಾಗ ಅವತ್ತು ಮುಗಿಯುವುದಿತ್ತು. ಉಳಿದದ್ದು ದೀಪಾವಳಿಗೇ.

ಅಣವೀರ ಮಾತ್ರ ಅಂಬಮ್ಮನ ಮನೆಯ ಮಾಳಿಗೆಯ ಮೇಲೆ, ಓಣಿಗೆಲ್ಲ ಚಿತ್ರ ಹಂಚುವ ಕೇಬಲ್ಲಿನ ಬೂಸ್ಟರ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಚಾಂದಪಾಶಾನ ಕೇಬಲ್ಲಿನಲ್ಲಿ ಅವನಿಗೆ ತಂತಿ ನೋಡಿಕೊಳ್ಳುವ ಕೆಲಸ. ಕೋಟನೂರಿನಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದ. ಅಂಬಮ್ಮನ ಮನೆಯ ಟಿ.ವಿ.ಯಲ್ಲಿ ಚಿತ್ರ ಜಾಳುಜಾಳಾಗಿ ಬರುತ್ತದೆ ಎಂದು ಆ ತಿಂಗಳಲ್ಲಿ ಎಷ್ಟೋ ಸಲ ಕರೆ ಬಂದಿತ್ತು. ನಿಜ ಹೇಳಬೇಕೆಂದರೆ ಚಿತ್ರ ಅಷ್ಟೇನೂ ಕೆಟ್ಟಿರಲಿಲ್ಲ. ಕರೆ ಬಂದಾಗಲೆಲ್ಲ ಅಣವೀರ ಒಂದೇ ಸಲಕ್ಕೆ ಪೂರ್ತಿ ಸರಿ ಮಾಡುತ್ತಲೂ ಇರಲಿಲ್ಲ.

ಕಾರಣ ಜಗದೇವಿ. ವಿಧವೆ ಅಂಬಮ್ಮನ ಅಣ್ಣನ ಮಗಳು, ಊರು ಕಮಲಾಪುರ. ಅತ್ತೆಯ ಮನೆಯಲ್ಲಿದ್ದು, ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುತ್ತಿದ್ದಳು. ಬಾಗಿಲು ತೆಗೆಯುವವಳು ಅವಳೇ. ತೆಗೆದು, ಒಂದು ಸಲ ನೋಡಿ, "ಅತ್ತೀ, ಕೇಬಲ್‌ನವ್ರು ಬಂದಾರ" ಎಂದು ಕೂಗಿ, ಆಮೇಲೆ ಇನ್ನೊಂದು ಸಲ ನೋಡುತ್ತಿದ್ದಳು. ಆ ಎರಡನೆಯ ನೋಟಕ್ಕೆ ಅಗತ್ಯವೇ ಇರಲಿಲ್ಲ.

ಅವತ್ತು ಅವಳು ಮೆಟ್ಟಿಲ ಮೇಲೆ ಅರ್ಧದವರೆಗೆ ಹತ್ತಿ ಬಂದಳು. ಕಿವಿ ಕೆಳಗಿನ ಟಿ.ವಿ.ಯ ಕಡೆ, ಕಣ್ಣು ಇವನ ಕಡೆ.

"ಎಷ್ಟೊತ್ರಿ? ಕತಿ ಕೊನೀಗೆ ಬಂದದ. ಮಧುಲೇಖಾನ್ನ ಮಾಂತ್ರಿಕ ಹಿಡದಾನ."

"ಆತ್ರಿ, ಒಂದೇ ನಿಮಿಷ."

"ವಿಶಾಖ ಎದುರ ನಿಂತಾನ್ರಿ. ಇವತ್ತರೆ ಬಾಯಿ ಬಿಡ್ತಾನೋ ಇಲ್ಲೋ!"

ವಿಶಾಖ ಎಂದರೆ ಹೇಮಗಢದ ದ್ವಾರಪಾಲಕ. ರಾಜಕುಮಾರಿ ಮಧುಲೇಖಾಗೆ ಒಂದು ಶಾಪವಿತ್ತು. ಅವಳಿಗೆ ಯಾರು ಪ್ರೀತಿಯ ಮಾತು ಹೇಳುತ್ತಾರೋ ಅವರು ಕಲ್ಲಾಗಬೇಕು. ಹಾಗಾಗಿ ವಿಶಾಖ ಇಡೀ ವರ್ಷ ಒಂದು ಮಾತೂ ಆಡದೆ ಬಾಗಿಲಲ್ಲಿ ನಿಂತಿದ್ದ. ಕಲಬುರಗಿಯ ಹೆಣ್ಣುಮಕ್ಕಳೆಲ್ಲ ಅವನ ಮೌನಕ್ಕೆ ಕಣ್ಣೀರು ಹಾಕಿದ್ದರು.

ಜಗದೇವಿ ಇನ್ನೂ ಒಂದು ಮೆಟ್ಟಿಲು ಹತ್ತಿದಳು. ಬಿಸಿಲು ಅವಳ ಮುಖಕ್ಕೆ ಬಿತ್ತು. ಅವಳು ಕಣ್ಣು ಕಿರಿದು ಮಾಡಿ, ಕೈಯನ್ನು ಹಣೆಗೆ ಅಡ್ಡ ಹಿಡಿದು, ನಕ್ಕಳು. "ನೀವು ನೋಡಂಗಿಲ್ಲೇನ್ರಿ? ಊರೆಲ್ಲಾ ನೋಡಾಕತ್ತದ, ನೀವೊಬ್ರು ತಂತಿ ಹಿಡ್ಕೊಂಡು ಕುಂತೀರಿ."

ಅವನು ಅವಳನ್ನೇ ನೋಡುತ್ತಾ ಏಳಲು ಹೋದ. ಕಾಲು ತಂತಿಗೆ ಸಿಕ್ಕಿತು. ಪೆಟ್ಟಿಗೆಯ ಜಾಯಿಂಟ್ ಕಿತ್ತು ಬಂತು.

ಓಣಿಯ ಸಂಗೀತ ಒಮ್ಮೆಲೇ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪ್ರತಿ ಮನೆಯಿಂದ ಒಂದೊಂದು ಕೂಗು ಎದ್ದಿತು.

"ಅಯ್ಯಯ್ಯೋ! ವಿಶಾಖ ಬಾಯಿ ತೆಗೆದಿದ್ನಲ್ರಿ!" ಎನ್ನುತ್ತಾ ಜಗದೇವಿ ಕೆಳಗೆ ಓಡಿದಳು.

ಅಣವೀರ ಕಿತ್ತ ತಂತಿಯನ್ನು ಮತ್ತೆ ಜೋಡಿಸಿದ. ಮತ್ತೆ ಚಿತ್ರ ಬರುವಷ್ಟರಲ್ಲಿ ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಓಡುತ್ತಿತ್ತು. ಓಣಿಯ ಜನ ಬೀದಿಗೆ ಬಂದು ಚಾಂದಪಾಶಾನನ್ನು ಬಯ್ಯುತ್ತಿದ್ದರು. ಅವನು ಕಂಟ್ರೋಲ್ ರೂಮಿನಿಂದ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದು, ಕೈ ಮುಗಿದು, "ಮಾಫ್ ಕರೋ, ಮಷೀನ್ ಕೆಟ್ಟದ, ನಂದೇ ತಪ್ಪು" ಎನ್ನುತ್ತಿದ್ದ. ಮೇಲಿನಿಂದ ಅಣವೀರ ಅದನ್ನು ನೋಡಿದ. ತಪ್ಪು ತನ್ನದು ಎಂದು ಕೂಗಿ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿ, ಸ್ಕ್ರೂಡ್ರೈವರ್ ಎತ್ತಿಕೊಂಡ.

ಕೆಳಗಿಳಿದಾಗ ಜಗದೇವಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕಣ್ಣು ತುಂಬಿತ್ತು. ಒಂದು ಧಾರಾವಾಹಿಗಾಗಿ ಅತ್ತದ್ದಕ್ಕೆ ಅವಳಿಗೇ ನಾಚಿಕೆಯಾಗಿ ಸೆರಗಿನಿಂದ ಒರೆಸಿಕೊಂಡಳು.

"ನಿಮ್ಮ ಕಂಟ್ರೋಲ್ ರೂಮಿನಾಗ ಕಂಡಿರ್ತದಲ್ರಿ? ಏನಂದ ವಿಶಾಖ? ದೀಪಾವಳಿ ತನಕ ನಾ ಹ್ಯಾಂಗ ಇರ್ಲಿ?"

ನನಗೂ ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಳಿಸಿದವನು ತಾನು. ಅವಳಿಗೆ ಏನಾದರೂ ಕೊಡದೆ ಹೋಗಲು ಅವನಿಂದ ಆಗಲಿಲ್ಲ.

"ಹೇಳ್ದ್ರಿ," ಎಂದ ಅಣವೀರ. "ಚಾಂದಪಾಶಾ ನೋಡ್ಯಾನ. ವಿಶಾಖ ಬಾಯಿ ಬಿಟ್ಟು ಹೇಳ್ದ್ನಂತ."

"ಏನಂತ?"

ಅವನು ಗೋಡೆ ನೋಡಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ. ಆಮೇಲೆ ಮಾತು ತಾನಾಗಿ ಬಂತು. "ದಿನಾ ನಿನ್ನ ಬಾಗಿಲಿಗೆ ಬಂದು ಹೋಗ್ತೀನಿ. ಒಳಗ ಕರೀಲಿ ಅಂತಲ್ಲ. ಬಾಗಿಲು ತೆಗೀವಾಗ ಒಂದ್ಸಲ ನೋಡ್ತೀಯಲ್ಲ, ಅಷ್ಟಕ್ಕ ನನಗ ಬೆಳಗಾಗ್ತದ. ಕಲ್ಲಾದ್ರೂ ಆಗ್ಲಿ, ಇದನ್ನ ಹೇಳದ ಇರಾಕ ನನಗಿನ್ನ ಆಗಂಗಿಲ್ಲ."

ಜಗದೇವಿ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು.

"ಆಮ್ಯಾಲ?"

"ಆಮ್ಯಾಲ... ಕಲ್ಲಾಗಾಕತ್ತ. ಅಲ್ಲಿಗೇ ಮುಗೀತಂತ್ರಿ."

"ಎಷ್ಟ ಚೆಂದ ಹೇಳ್ಯಾನ್ರಿ," ಎಂದಳು ಅವಳು, ತನಗೆ ತಾನೇ ಹೇಳಿಕೊಂಡಂತೆ.

ಕೋಟೆಯ ಹಿಂದಿನ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಅವನ ಎದೆ ಹಗುರವಾಗಿತ್ತು. ಆ ಹಗುರ ಸಂಜೆಯವರೆಗೂ ಉಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಚಹದಂಗಡಿಯಲ್ಲಿ ಶಬ್ಬೀರ್ ಚಹ ಸೋಸುತ್ತಾ ಗಿರಾಕಿಗಳಿಗೆ ಹೇಮಗಢದ ಕೊನೆಯನ್ನೇ ಹೇಳುತ್ತಿದ್ದ. ಅಂಗಡಿಯ ಟಿ.ವಿ.ಗೆ ಅಂಟೆನಾ ಇತ್ತು, ಅವನು ಪೂರ್ತಿ ನೋಡಿದ್ದ.

"ಕ್ಯಾ ದಗಾ ದಿಯಾ ಭಾಯಿ! ವಿಶಾಖ ಬಾಯಿ ತೆಗೆದು ಆ ಮಾಂತ್ರಿಕಗ 'ಪಿತಾಜಿ' ಅಂದುಬಿಟ್ಟ! ಮಾಂತ್ರಿಕನ ಮಗಾನೇ ಅಂತ ಅವ! ಅಷ್ಟಕ್ಕೇ ಬಂದ್ ಮಾಡಿದ್ರು."

ಅಣವೀರನ ಕೈಯಲ್ಲಿದ್ದ ಚಹ ತಣ್ಣಗಾಯಿತು. ಮರುದಿನ ಬೆಳಿಗ್ಗೆಯೇ ಹೋಗಿ ನಿಜ ಹೇಳಬೇಕು ಎಂದುಕೊಂಡ. ಬೆಳಿಗ್ಗೆ ಹೋದಾಗ ಬಾಗಿಲು ತೆಗೆದವಳು ಅಂಬಮ್ಮ. ಜಗದೇವಿ ರಜೆಗೆಂದು ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋಗಿದ್ದಳು. ಅವಳ ಅಕ್ಕನ ಮಗುವಿಗೆ ತೊಟ್ಟಿಲ ಕಾರ್ಯವಿತ್ತು.

ಜೂನ್ ಬಂತು. ಕಾಲೇಜು ತೆರೆಯಿತು. ಜಗದೇವಿ ಬರಲಿಲ್ಲ. ಅಂಬಮ್ಮನ ಮನೆಯಿಂದ ಕೇಬಲ್ಲಿನ ಕರೆಯೂ ಬರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಕರೆ ಬಂತು. ಅಣವೀರ ತಂತಿ ಬದಲಿಸಿ ಕೆಳಗಿಳಿದಾಗ ಅಂಬಮ್ಮ ಚಹ ಕೊಟ್ಟು, ಎದುರಿಗೆ ಕೂತು, ಯಾರಿಗಾದರೂ ಹೇಳಿಕೊಳ್ಳಬೇಕೆನ್ನುವವಳ ಹಾಗೆ ಉಸಿರುಬಿಟ್ಟಳು.

"ನಮ್ಮ ಜಗದೇವಿದು ಓದು ನಿಂತೋಯ್ತು ನೋಡಪ್ಪಾ."

"ಯಾಕ್ರಿ ಅಮ್ಮಾ?"

"ಒಂದು ಸುಡುಗಾಡು ಸೀರಿಯಲ್ ಮಾತಿಗೆ. ತೊಟ್ಟಿಲ ದಿನ ಹೆಣ್ಮಕ್ಕಳೆಲ್ಲಾ ಕುಂತು ಆ ಹೇಮಗಢದ ಮಾತಾಡಾಕತ್ತಿದ್ರು. ವಿಶಾಖ ಮೋಸ ಮಾಡ್ದ ಅಂತ ಬೈತಿದ್ರು. ಈಕಿ ಎದ್ದು, ಇಲ್ಲ, ಆತ ಹಿಂಗಂದ ಅಂತ ಉದ್ದಕ ಒಂದು ಮಾತು ಹೇಳ್ದಳು. ಬಾಗಿಲಾಗ ಬಂದು ಹೋಗ್ತೀನಿ, ನೀ ನೋಡಿದ್ರ ಬೆಳಗಾಗ್ತದ ಅಂತ... ಹೇಳ್ತಾ ಹೇಳ್ತಾ ಕಣ್ಣಾಗ ನೀರು ತಂದಳು. ಮನಿತುಂಬ ಮಂದಿ ನಕ್ಕರು. ನಮ್ಮ ದೊಡ್ಡವ್ವ ಶಂಕ್ರಮ್ಮ ಮಾತ್ರ ನಗಲಿಲ್ಲ. 'ಇದು ಟಿ.ವಿ. ಮಾತಲ್ಲವ್ವ, ನಿನಗ ಯಾರೋ ಹೇಳಿದ ಮಾತು. ಯಾರವ?' ಅಂದಳು."

ಅಣವೀರ ಲೋಟ ಕೆಳಗಿಟ್ಟ.

"ಈಕಿ ಕೆಂಪಗಾಗಿ ನಿಂತುಬಿಟ್ಟಳು. ಹೆಸರು ಹೇಳಲಿಲ್ಲ. ಹೊರಗ ಕುಂತ ನಮ್ಮಣ್ಣನ ಕಿವಿಗೂ ಬಿತ್ತು. ಅವತ್ತಿನಿಂದ ಎಷ್ಟು ಕೇಳಿದ್ರೂ ಬಾಯಿ ಬಿಡವಲ್ಲಳು. ಕಲಬುರಗಿಗೆ ಕಳಿಸಂಗಿಲ್ಲ ಅಂತ ನಮ್ಮಣ್ಣ ಕುಂತಾನ. ನನ್ನ ಮನ್ಯಾಗ ಇದ್ದ ಹುಡುಗಿ. ನಾ ಮಾರಿ ಹ್ಯಾಂಗ ತೋರಿಸ್ಲಿ?"

ಆ ಮಾತು ನಂದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಂಬಮ್ಮ ಎದುರಿಗೇ ಇದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಣವೀರ "ಛೆ, ಪಾಪ" ಎಂದ. ಉಳಿದ ಚಹವನ್ನು ಕುಡಿದ. "ಚಿತ್ರ ಇನ್ನ ಸರಿ ಬರ್ತದ್ರಿ" ಎಂದು ಹೇಳಿ ಹೊರಬಿದ್ದ.

ಓಣಿಯ ತಿರುವಿನಲ್ಲಿ ಅವನು ಸೈಕಲ್ಲಿನಿಂದ ಇಳಿದು ನಿಂತ. ಅವಳು ಮನೆತುಂಬ ಜನರ ನಗುವಿನ ನಡುವೆ ನಿಂತು ತನ್ನ ಹೆಸರು ಉಳಿಸಿದ್ದಳು. ತಾನು ಒಬ್ಬ ವಿಧವೆಯ ಎದುರು ಚಹ ಕುಡಿದು ಎದ್ದು ಬಂದಿದ್ದ.

ಶ್ರಾವಣ ಕಳೆಯಿತು, ದಸರಾ ಕಳೆಯಿತು. ಹೋಗಬೇಕೆಂದು ವಾರವಾರವೂ ಅಂದುಕೊಂಡ. ಹೋಗಲಿಲ್ಲ. ಕನ್ನಡಿಯಲ್ಲಿ ಗಡ್ಡ ಹೆರೆಯುವಾಗ ತನ್ನ ಮುಖವನ್ನು ನೇರವಾಗಿ ನೋಡುವುದನ್ನೂ ಬಿಟ್ಟ. ತಾಯಿ ಮಹಾದೇವಮ್ಮ, "ಯಾಕೋ, ರೊಟ್ಟಿ ಅರ್ಧಾ ಬಿಡಾಕತ್ತೀದಿ" ಎಂದು ಕೇಳಿದರೆ ಹೊಟ್ಟೆಯ ನೆಪ ಹೇಳುತ್ತಿದ್ದ.

ದೀಪಾವಳಿ ಹತ್ತಿರ ಬಂದಂತೆ ಊರಲ್ಲಿ ಮತ್ತೆ ಹೇಮಗಢದ ಮಾತು ಎದ್ದಿತು. ವಿಶಾಖ ನಿಜವಾಗಿ ದ್ರೋಹಿಯೇ, ಅಥವಾ ಅದರಲ್ಲೂ ಏನಾದರೂ ಉಪಾಯವಿದೆಯೇ ಎಂದು ಚಹದಂಗಡಿಯಲ್ಲಿ ವಾದ ನಡೆಯುತ್ತಿತ್ತು. ಹೊಸ ಭಾಗ ಶುರುವಾಗುವ ಹಿಂದಿನ ದಿನ ಚಾಂದಪಾಶಾ ಕಂಟ್ರೋಲ್ ರೂಮಿನಲ್ಲಿ ಡಿಶ್ಶಿನ ತಂತಿಗಳನ್ನೆಲ್ಲ ಬಿಗಿ ಮಾಡುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದ.

"ನಾಳಿ ಅಂಬಮ್ಮನ ಮಾಳಿಗಿ ಮ್ಯಾಲ ನೀ ಹೋಗಬ್ಯಾಡ."

ಅಣವೀರ ತಲೆ ಎತ್ತಿದ. "ಯಾಕ ಭಾಯಿ?"

"ಹೋದ ಸಲ ಜಾಯಿಂಟ್ ಕಿತ್ತಿದ್ದು ನಾ ನೋಡೀನಿ. ಅವತ್ತ ಸಂಜೀಗೇ ನೋಡೀನಿ."

"ಮತ್ತ ನೀ ಯಾಕ ಸುಮ್ಮನಿದ್ದಿ?"

"ನೀ ಹೇಳ್ತಿ ಅಂತ ಇದ್ದೆ." ಚಾಂದಪಾಶಾ ಈಗ ತಿರುಗಿದ. ಸಿಟ್ಟಿರಲಿಲ್ಲ, ಅದೇ ಕೆಟ್ಟದಾಗಿತ್ತು. "ಓಣಿಯವ್ರ ಬೈಗುಳ ನಾ ತಿಂದೆ. ಕೋಯಿ ಬಾತ್ ನಹೀಂ, ನನ್ನ ಧಂದೆ ಅದು. ಆದ್ರ ಆ ಹುಡುಗಿ ಊಟಾ ಬಿಟ್ಟು ಮನ್ಯಾಗ ಕುಂತಾಳಂತ ಓಣಿಯೆಲ್ಲಾ ಹೇಳ್ತದ. ಆಕಿಗೆ ಆ ಮಾತು ಹೇಳಾಕ ಅವತ್ತ ಆ ಮನ್ಯಾಗ ಇದ್ದವ ನೀ ಒಬ್ಬನೇ. ಎಷ್ಟ ಮಂದಿ ನಿನ್ನ ಸಲುವಾಗಿ ಬೈಸ್ಕೋಬೇಕೋ ಅಣವೀರ?"

ಮರುದಿನ ಬೆಳಿಗ್ಗೆ ಅಣವೀರ ಒಗೆದ ಬಿಳಿ ಅಂಗಿ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದ.

ಜಗದೇವಿಯ ತಂದೆ ದೌಲಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೆಂಪು ಬಾಳೆಹಣ್ಣಿನ ವ್ಯಾಪಾರಿ, ಕಟ್ಟೆಯ ಮೇಲೆ ಗೊನೆಗಳು ಸಾಲಾಗಿ ನಿಂತಿದ್ದವು. ದೌಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಾರು?"

"ಕಲಬುರಗಿಂದ ಬಂದೀನ್ರಿ. ಗಾಜಿಪುರದಾಗ ಕೇಬಲ್ ಕೆಲಸ ಮಾಡ್ತೀನಿ."

"ಓಹೋ, ನಮ್ಮೂರಾಗೂ ಕೇಬಲ್ ಹಾಕ್ತೀರೇನು? ಬರ್ರಿ, ಒಳಗ ಬರ್ರಿ. ಅಂಟೆನಾದಾಗ ಏನೂ ಸರಿ ಕಾಣಂಗಿಲ್ಲ."

ಒಳಗೆ ಪಡಸಾಲೆಯಲ್ಲಿ ಟಿ.ವಿ. ಎದುರು ಹೆಂಗಸರು ಒತ್ತಾಗಿ ಕೂತಿದ್ದರು. ಹಬ್ಬಕ್ಕೆ ಬಂದಿದ್ದ ಅಂಬಮ್ಮ ಅವರಲ್ಲಿದ್ದಳು. ಮುದುಕಿ ಶಂಕ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಜಗದೇವಿ ಇದ್ದಳು. ಸೊರಗಿದ್ದಳು. ಅವನನ್ನು ನೋಡಿ ಅವಳ ಮುಖದ ರಕ್ತವೆಲ್ಲ ಇಳಿಯಿತು. ಬೇಡ ಎನ್ನುವಂತೆ ತಲೆ ಆಡಿಸಿದಳು, ಕಾಣದಷ್ಟು ಸಣ್ಣಗೆ.

ಅಣವೀರ ಅಲ್ಲೇ, ಪಡಸಾಲೆಯ ನಡುವೆ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಕೇಬಲ್ ಹಾಕಾಕ ಬಂದಿಲ್ರಿ. ಒಂದು ಮಾತು ಹೇಳಾಕ ಬಂದೀನಿ. ಎಲ್ಲಾರೂ ಇರೋದು ಛಲೋ ಆಯ್ತು."

ಹೆಂಗಸರು ತಿರುಗಿದರು.

"ಹೋದ ಸಲ ಹೇಮಗಢ ಮುಗೀವಾಗ ಗಾಜಿಪುರದಾಗ ಚಿತ್ರ ಹೋಯ್ತಲ್ರಿ, ಅದು ನನ್ನ ಕಾಲಿಗೆ ತಂತಿ ಸಿಕ್ಕು ಹೋಗಿದ್ದು. ಬೈಗುಳ ಚಾಂದಪಾಶಾ ತಿಂದ, ನಾ ಸುಮ್ಮನ ನಿಂತೆ. ಜಗದೇವಿಯವರು ವಿಶಾಖ ಏನಂದ ಅಂತ ಕೇಳಿದ್ರು. ನನಗ ಗೊತ್ತಿರಲಿಲ್ಲ. ಒಂದು ಸುಳ್ಳು ಕಟ್ಟಿ ಹೇಳ್ದೆ. ಅವರು ಅದನ್ನ ಖರೇ ಅಂತ ತಿಳಕೊಂಡು ಇಲ್ಲಿ ಹೇಳ್ಯಾರ. ಅವರದು ಏನೂ ತಪ್ಪಿಲ್ರಿ. ಅಂಬಮ್ಮನವ್ರ ಮುಂದ ಮಳಿಗಾಲದಾಗೇ ಹೇಳಬೇಕಿತ್ತು. ಅವರ ಚಹಾ ಕುಡದು ಎದ್ದು ಹೋದೆ. ನನಗ ಧೈರ್ಯ ಆಗಲಿಲ್ಲ. ಅವರ ಓದು ನಿಲ್ಲಿಸಬ್ಯಾಡ್ರಿ. ಏನರೆ ಅನ್ನೂದಿದ್ರ ನನಗ ಅನ್ರಿ."

ಅಂಬಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದೌಲಪ್ಪನ ಹಣೆಯ ನರ ಎದ್ದಿತ್ತು.

"ಸುಳ್ಳು ಕಟ್ಟಿದಿ," ಎಂದ ಅವನು ನಿಧಾನವಾಗಿ. "ಸುಳ್ಳು ಕಟ್ಟಾಕ ಬೇರೆ ಮಾತು ಇರಲಿಲ್ಲೇನು? ಅದೇ ಮಾತು ನಿನ್ನ ಬಾಯಾಗ ಎಲ್ಲಿಂದ ಬಂತು?"

ಅಣವೀರ ನೆಲ ನೋಡಿದ. ಕಿವಿ, ಕುತ್ತಿಗೆ, ಮುಖ ಎಲ್ಲವೂ ಉರಿಯಿತು. ಅಷ್ಟು ಜನರ ಕಣ್ಣೂ ತನ್ನ ಮೇಲಿದ್ದವು. ಉತ್ತರ ಎಲ್ಲರಿಗೂ ಕಾಣುವಂತೆ ಅವನ ಮುಖದ ಮೇಲೇ ಇತ್ತು. ಒಬ್ಬಳು ಕಿಸಕ್ಕನೆ ನಕ್ಕಳು. ಮತ್ತೊಬ್ಬಳು ಅವಳ ತೊಡೆ ಚಿವುಟಿದಳು.

"ಬಿಡೋ ದೌಲೂ," ಎಂದಳು ಶಂಕ್ರಮ್ಮ. "ಮನಿಗೆ ಬಂದು, ಹತ್ತು ಮಂದಿ ಮುಂದ ತನ್ನ ಮಾರಿಗೆ ತಾನೇ ಮಸಿ ಹಚ್ಕೊಂಡಾನ. ಇನ್ನೇನು ಬೇಕು ನಿನಗ? ಏ ತಮ್ಮಾ, ಕಟ್ಟಿ ಮ್ಯಾಲ ಕುಂಡ್ರು. ನೀರು ಕೊಡ್ರೇ ಯಾರರೆ."

ಅವನು ಹೊರಗೆ ಬಂದು ಕಟ್ಟೆಯ ತುದಿಯಲ್ಲಿ ಕೂತ. ಓಡಿಹೋಗಬೇಕೆನಿಸಿತು. ಆದರೆ ನೀರು ಕುಡಿಯದೆ ಹೋದರೆ ಇನ್ನೊಂದು ತಪ್ಪು. ಒಳಗೆ ದೌಲಪ್ಪನ ಗಡಸು ದನಿ, ಅಂಬಮ್ಮನ ಮೆತ್ತನೆಯ ದನಿ ಒಂದಾದ ಮೇಲೊಂದು ಕೇಳುತ್ತಿದ್ದವು.

ನೀರಿನ ತಂಬಿಗೆ ತಂದವಳು ಜಗದೇವಿ. ಕೊಟ್ಟಳು. ಹೋಗಲಿಲ್ಲ. ಅಂಬಮ್ಮ ಬಾಗಿಲಲ್ಲಿ ಬಂದು ನಿಂತು, ಬೀದಿಯ ಕಡೆ ಮುಖ ಮಾಡಿ, ಏನೂ ಕೇಳಿಸದವಳಂತೆ ಇದ್ದಳು.

"ಎಲ್ಲಾ ಹೇಳಿದ್ರಿ," ಎಂದಳು ಜಗದೇವಿ. ಧ್ವನಿಯಲ್ಲಿ ಸಿಟ್ಟಿತ್ತು. "ತಂತಿ ಜಗ್ಗಿದ್ದು, ಸುಳ್ಳು ಕಟ್ಟಿದ್ದು, ಚಹಾ ಕುಡದದ್ದು. ನಮ್ಮಪ್ಪ ಕೇಳಿದ್ದಕ್ಕ ಮಾತ್ರ ನೆಲ ನೋಡಿದ್ರಿ."

"ಮಂದಿ ಮುಂದ ಹ್ಯಾಂಗ ಹೇಳ್ಲಿರಿ?"

"ಈಗ ಮಂದಿ ಇಲ್ಲ."

ಅಣವೀರ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಆ ಮಾತು ಸುಳ್ಳಲ್ರಿ. ವಿಶಾಖನ ಹೆಸರು ಒಂದೇ ಸುಳ್ಳು. ನಿಮ್ಮ ಮನಿ ಟಿ.ವಿ. ಯಾವತ್ತೂ ಅಷ್ಟು ಕೆಟ್ಟಿರಲಿಲ್ಲ. ನಾನೇ ಸರಿ ಮಾಡ್ತಿರಲಿಲ್ಲ. ನೀವು ಬಾಗಿಲು ತೆಗೀತೀರಿ ಅಂತ ಬರ್ತಿದ್ದೆ."

ಜಗದೇವಿಯ ಕೆನ್ನೆ ಕೆಂಪಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನೂ ಒಂದು ಹೇಳ್ಲೇನು? ಅವತ್ತು ಎಲ್ಲಾರೂ ನಕ್ಕರಲ್ರಿ, ಅದಕ್ಕ ನನಗ ನಾಚಿಕಿ ಆಗಲಿಲ್ಲ. ಶಂಕ್ರಮ್ಮಜ್ಜಿ 'ಯಾರವ?' ಅಂತ ಕೇಳಿದ ಕೂಡ್ಲೇ ನಿಮ್ಮ ಹೆಸರು ನಾಲಿಗಿ ತುದಿಗೆ ಬಂತು. ಆ ಮಾತು ಯಾರದು ಅಂತ ನನಗ ಆಗಲೇ ತಿಳೀತು. ತಿಳಿದು ಖುಷಿ ಆಯ್ತು. ಅಷ್ಟು ಮಂದಿ ನಗಾಕತ್ತಾಗ ನನಗ ಖುಷಿ ಆಯ್ತಲ್ಲ, ಅದಕ್ಕ ನಾಚಿಕಿ ಆಯ್ತು."

ಅವನು ತಲೆ ಎತ್ತಿ ನೋಡಿದ. ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಆದ್ರ ಸಿಟ್ಟು ಅದ," ಎಂದಳು. "ಏಪ್ರಿಲ್‌ದಿಂದ ದೀಪಾವಳಿ ತನಕ ನನ್ನ ಒಬ್ಬಾಕಿನ್ನ ಕುಂಡ್ರಿಸಿದ್ರಿ. ಅದು ಲಗೂ ಹೋಗೋ ಸಿಟ್ಟಲ್ಲ."

"ಹೋಗೋ ತನಕ ಬೈರಿ."

"ಬೈತೀನಿ. ಬಿಡಂಗಿಲ್ಲ."

ಒಳಗಿನಿಂದ ಹೇಮಗಢದ ಸಂಗೀತ ಕೇಳಿತು. "ಜಗದೇವೀ, ಚಾಲೂ ಆಯ್ತು ಬಾರೇ!" ಎಂದು ಯಾರೋ ಕೂಗಿದರು. ಅವಳು ಕದಲಲಿಲ್ಲ. ಅಷ್ಟರಲ್ಲಿ ದೌಲಪ್ಪ ಬಾಗಿಲಿಗೆ ಬಂದ. ಮಗಳನ್ನು ನೋಡಿದ, ಅಣವೀರನನ್ನು ನೋಡಿದ, ಗಂಟಲು ಸರಿ ಮಾಡಿಕೊಂಡ.

"ಈಕಿ ಮುಂದಿನ ವಾರ ಕಲಬುರಗಿಗೆ ಬರ್ತಾಳ. ಫೀಸು ಕಟ್ಟಿ, ಮಾಸ್ತರಿಗೆ ಹೇಳಿ ಪರೀಕ್ಷಾ ಬರಸ್ತೀನಿ. ಅಲ್ಲಿ ತನಕ ನೀ ನಮ್ಮ ತಂಗಿ ಮನಿ ಹೊಸ್ತಿಲು ತುಳೀಬಾರದು. ತಿಳೀತೋ?"

"ತಿಳೀತ್ರಿ."

"ಪರೀಕ್ಷಾ ಮುಗಿದ ಮ್ಯಾಲ," ಎಂದು ದೌಲಪ್ಪ ನಿಲ್ಲಿಸಿ, ಬಾಳೆಗೊನೆಗಳ ಕಡೆ ನೋಡುತ್ತಾ ಮುಗಿಸಿದ, "ಮನ್ಯಾಗ ಹಿರಿಯರು ಯಾರರೆ ಇದ್ರ ಕರ್ಕೊಂಡು ಬಾ. ಒಬ್ಬನೇ ಬರಬ್ಯಾಡ."

ಅವನು ಒಳಗೆ ಹೋದ. ಅಂಬಮ್ಮನೂ ಹಿಂದೆಯೇ ಹೋದಳು. ಹೋಗುವಾಗ ಅಣವೀರನ ಕಡೆ ಒಂದು ನೋಟ ಎಸೆದಳು. ಅದರಲ್ಲಿ ಬೈಗುಳವೂ ಇತ್ತು, ನಗುವೂ ಇತ್ತು.

ಜಗದೇವಿ ಖಾಲಿ ತಂಬಿಗೆ ತೆಗೆದುಕೊಂಡಳು. "ನಿಮ್ಮವ್ವನ್ನ ಕರ್ಕೊಂಡು ಬರ್ರಿ. ಅವರ ಮುಂದನೂ ಎಲ್ಲಾ ಹೇಳಿರಬೇಕು. ಮಂದಿ ಮುಂದ ಹೇಳಾದು ನಿಮಗ ಇನ್ನ ರೂಢಿ ಆಗ್ಯದಲ್ಲ." ಮಾತು ಮುಗಿಯುವ ಮೊದಲೇ ತುಟಿಯ ಅಂಚಿನಲ್ಲಿ ನಗು ಬಂತು. ಅದನ್ನು ಮುಚ್ಚಿಕೊಳ್ಳುತ್ತಾ ಒಳಗೆ ಓಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಅಣವೀರನಿಗೆ ಕಿಟಕಿಯ ಸೀಟು ಸಿಕ್ಕಿತು. ಪಡಸಾಲೆಯ ನಡುವೆ ತಾನು ನಿಂತದ್ದು, ಹೆಂಗಸರು ನಕ್ಕದ್ದು ಒಂದೊಂದೇ ನೆನಪಾಗಿ ಮೈ ಜುಮ್ಮೆಂದಿತು. ಹೆಗಲ ಮೇಲಿನ ಟವೆಲನ್ನು ಮುಖದ ಮೇಲೆ ಎಳೆದುಕೊಂಡ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬಗ್ಗಿ ನೋಡಿದ.

"ಯಾಕ್ರಿ, ಆರಾಮಿಲ್ಲೇನು?"

ಟವೆಲಿನ ಒಳಗಿನಿಂದಲೇ ಅಣವೀರ, "ಆರಾಮ ಇದ್ದೀನ್ರಿ. ಕಲಬುರಗಿ, ಒಂದು" ಎಂದ.